ಮನೆಯ ಹತ್ತಿರ ದಿನವೂ ತಿನ್ನಲು ಒಂದು ಹೋಟೆಲು: ನೀವಾದರೆ ಹೇಗೆ ಆರಿಸುತ್ತೀರಿ?

ಹೊಸ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ಮನೆ ಬದಲಿಸಿ ಎರಡು ವಾರವಾಯಿತು. ಅರ್ಧ ಸಾಮಾನು ಇನ್ನೂ ಪೆಟ್ಟಿಗೆಯಲ್ಲೇ ಇದೆ, ಅದು ಬೇರೆ ಮಾತು. ನನ್ನ ಚಿಂತೆ ಅಪ್ಪನ ಊಟದ್ದು. ಅವರಿಗೆ ಎಪ್ಪತ್ತನಾಲ್ಕು. ನಾನು ಬೆಳಗ್ಗೆ ಏಳಕ್ಕೆ ಮನೆ ಬಿಟ್ಟರೆ ಮರಳುವುದು ರಾತ್ರಿಗೆ. "ನೀನು ಮಾಡಿಟ್ಟು ಹೋಗಬೇಡ. ಆರಿದ್ದನ್ನು ಒಬ್ಬನೇ ಕುಳಿತು ತಿನ್ನಲು ನನ್ನಿಂದ ಆಗುವುದಿಲ್ಲ. ನಡೆದು ಹೋಗಿ ನಾಲ್ಕು ಜನರ ನಡುವೆ ಕುಳಿತು ತಿನ್ನುತ್ತೇನೆ" ಎನ್ನುತ್ತಾರೆ. ಅಮ್ಮ ಹೋದ ಮೇಲೆ ಅವರು ಬಾಯಿಬಿಟ್ಟು ಕೇಳಿದ ಮೊದಲ ವಿಷಯ ಇದು. ಯಾವುದೋ ಒಂದು ಆಯಿತು ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಅವರು ನಡೆಯಬಲ್ಲ ದೂರದಲ್ಲಿ ನಾಲ್ಕು ಹೋಟೆಲುಗಳಿವೆ. ಒಂದರ ಮುಂದೆ ಯಾವಾಗ ನೋಡಿದರೂ ಸಾಲು. ಎರಡನೆಯದು ಮೂಲೆಯಲ್ಲಿದೆ, ಅರ್ಧಕ್ಕರ್ಧ ಖಾಲಿ. ಮೂರನೆಯದರ ತಿನಿಸುಪಟ್ಟಿಯೇ ಆರು ಪುಟ. ಗಾಜು, ದೀಪ, ಸಂಗೀತ ಎಲ್ಲವೂ ಇವೆ. ನಾಲ್ಕನೆಯದು ಚಿಕ್ಕದು, ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕುತ್ತಾರೆ. ಮೊಬೈಲಿನಲ್ಲಿ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಅಂಕ.

ಅಪ್ಪನಿಗೆ ಎಡಗಿವಿ ಮಂದ, ಹೊಟ್ಟೆ ಸೂಕ್ಷ್ಮ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡೂ ಅಲ್ಲಿಯೇ ಆಗಬೇಕು. ಒಂದು ದಿನದ ಮಾತಲ್ಲ, ವರ್ಷಗಟ್ಟಲೆ ನಡೆಯಬೇಕು. ನೀವಾದರೆ ಏನನ್ನು ನೋಡಿ ನಿರ್ಧರಿಸುತ್ತೀರಿ?

ಬಿಸಿ ತಟ್ಟೆ

ಸಾಲು ಇರುವ ಕಡೆ ಹೋಗಿ. ಅಷ್ಟು ಜನ ಸುಮ್ಮನೆ ನಿಲ್ಲುವುದಿಲ್ಲ.

ಲೆಕ್ಕದ ಮೇಷ್ಟ್ರು

ನಿಲ್ಲುತ್ತಾರೆ, ಸುಮ್ಮನೆಯೂ ನಿಲ್ಲುತ್ತಾರೆ. ಬರುವವರು ಹೆಚ್ಚಾದರೂ ಸಾಲು ಬೆಳೆಯುತ್ತದೆ, ಒಳಗಿನ ಕೈ ನಿಧಾನವಾದರೂ ಬೆಳೆಯುತ್ತದೆ. ಬೀದಿಯಲ್ಲಿ ನಿಂತು ನೋಡುವವನಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ಸೂತ್ರವಿದೆ. ಸಾಲಿನಲ್ಲಿರುವವರ ಸರಾಸರಿ ಸಂಖ್ಯೆಯು, ನಿಮಿಷಕ್ಕೆ ಎಷ್ಟು ಜನ ಬರುತ್ತಾರೆ ಮತ್ತು ಒಬ್ಬೊಬ್ಬರು ಎಷ್ಟು ನಿಮಿಷ ಕಾಯುತ್ತಾರೆ ಎಂಬುದರ ಗುಣಲಬ್ಧ. ನಮ್ಮ ಉಪಯೋಗಕ್ಕೆ ಇಷ್ಟು ಸಾಕು: ಮುಂದೆ 12 ಜನರಿದ್ದು ನಿಮಿಷಕ್ಕೆ ಇಬ್ಬರು ಒಳಗೆ ಹೋದರೆ 6 ನಿಮಿಷದ ಕೆಲಸ. ಅದೇ 12 ಜನ, ಎರಡು ನಿಮಿಷಕ್ಕೆ ಒಬ್ಬರು ಎಂದರೆ 24 ನಿಮಿಷ. ತಲೆ ಎಣಿಸಬೇಡಿ. ಗಡಿಯಾರ ಹಿಡಿದು ಸಾಲು ಎಷ್ಟು ಬೇಗ ಕರಗುತ್ತದೆ ನೋಡಿ. ಎಪ್ಪತ್ತನಾಲ್ಕರ ಮಂಡಿಗೆ 24 ನಿಮಿಷ ಬಹಳ ದೊಡ್ಡದು.

ಬಿಸಿ ತಟ್ಟೆ

ಒಪ್ಪಿದೆ ಮೇಷ್ಟ್ರೇ. ಆದರೆ ಬೇಗ ಕರಗುವ ಸಾಲಿರುವಲ್ಲಿ ಅಡುಗೆ ಹಳಸುವುದಿಲ್ಲ ಎಂಬುದನ್ನಾದರೂ ನೀವು ಒಪ್ಪಬೇಕು.

ಒಲೆಯ ಮುಂದೆ

ಹತ್ತೊಂಬತ್ತು ವರ್ಷ ಹೋಟೆಲು ಅಡುಗೆಮನೆಯಲ್ಲಿ ನಿಂತವನು ನಾನು. ಈಗ ಸೊಂಟ ಬಿಟ್ಟಿದೆ, ಮನೆಯಲ್ಲಿದ್ದೇನೆ. ಗಿರಾಕಿಗಳು ಗೋಡೆಯ ಬಣ್ಣ ನೋಡುತ್ತಾರೆ. ನಾನು ಎಲ್ಲಿಗೆ ಹೋದರೂ ಮೊದಲು ನೋಡುವುದು ಮೇಜು ಒರೆಸುವ ಬಟ್ಟೆಯನ್ನು.

ಹುಡುಗ ಬರುತ್ತಾನೆ, ಎಂಜಲು ತಟ್ಟೆ ಎತ್ತುತ್ತಾನೆ, ಹೆಗಲ ಮೇಲಿನ ಬಟ್ಟೆಯಿಂದ ಮೇಜು ಒರೆಸುತ್ತಾನೆ. ಅದೇ ಬಟ್ಟೆಯಿಂದ ಕುರ್ಚಿ ಒರೆಸುತ್ತಾನೆ. ಪಕ್ಕದ ಮೇಜಿಗೆ ಹೋಗಿ ಅದೇ ಬಟ್ಟೆಯಿಂದ ಚಮಚ ಒರೆಸಿ ಇಡುತ್ತಾನೆ. ಅದು ಹಸಿಯಾಗಿಯೇ ಮತ್ತೆ ಹೆಗಲಿಗೆ ಏರುತ್ತದೆ. ಬೆಳಗ್ಗೆ ಆರಕ್ಕೆ ನೆನೆಸಿದ ಬಟ್ಟೆ ಮಧ್ಯಾಹ್ನ ಒಂದಕ್ಕೂ ಅದೇ ಇದ್ದರೆ ಅದು ಒರೆಸುತ್ತಿಲ್ಲ, ಹಚ್ಚುತ್ತಿದೆ. ಒಳಗೆ ಅಡುಗೆಮನೆ ಹೇಗಿದೆ ಎಂದು ನಿಮಗೆ ತೋರಿಸುವುದಿಲ್ಲ. ಬಟ್ಟೆಯನ್ನು ಯಾರೂ ಬಚ್ಚಿಡುವುದಿಲ್ಲ. ಒಂದು ಅಗುಳು ಹಿಸುಕಿದರೆ ಅನ್ನ ಬೆಂದಿದೆಯೇ ಎಂದು ತಿಳಿಯುವ ಹಾಗೆ, ಬಟ್ಟೆ ನೋಡಿದರೆ ಅಡುಗೆಮನೆ ತಿಳಿಯುತ್ತದೆ.

ಎರಡನೆಯದು ಕೈ. ಹಣ ಮುಟ್ಟಿದ ಕೈ ಆಹಾರ ಮುಟ್ಟುತ್ತದೆಯೇ? ಕೈಗವಸು ಇದ್ದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಅದೇ ಗವಸಿನಲ್ಲಿ ಚಿಲ್ಲರೆ ಎಣಿಸಿ, ಮೂಗು ಉಜ್ಜಿ, ಮತ್ತೆ ಬ್ರೆಡ್ ಕತ್ತರಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಗವಸು ತೊಟ್ಟವನಿಗೆ ಕೈ ಅಂಟಾಗಿರುವುದು ತಿಳಿಯುವುದಿಲ್ಲ, ಹಾಗಾಗಿ ತೊಳೆಯುವುದೂ ಇಲ್ಲ. ಬರಿಗೈಯನ್ನು ಸೋಪಿನಲ್ಲಿ 20 ಸೆಕೆಂಡು ಉಜ್ಜಿ ತೊಳೆಯುವವನ ಕೈಯಿಂದ ನಾನು ಧೈರ್ಯವಾಗಿ ತಿನ್ನುತ್ತೇನೆ.

ಇನ್ನು ಆ ಖಾಲಿ ಹೋಟೆಲಿನ ವಿಷಯ. ಖಾಲಿ ಇದ್ದ ಮಾತ್ರಕ್ಕೆ ಕೆಟ್ಟದ್ದಲ್ಲ. ಆದರೆ ಹನ್ನೊಂದಕ್ಕೆ ಮಾಡಿದ್ದು ಎರಡಕ್ಕೂ ಅಲ್ಲೇ ಇರುತ್ತದೆ. ಅದನ್ನು ಹೇಗೆ ಇಟ್ಟಿದ್ದಾರೆ ಎಂಬುದೇ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಸುಲಭ: ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗೆ, ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. ಊಟದ ಪಾತ್ರೆಯ ಮುಚ್ಚಳ ತೆಗೆದಾಗ ಹಬೆ ಏಳಬೇಕು. ಉಗುರುಬೆಚ್ಚಗೆ ಬಡಿಸಿದರೆ ಎದ್ದು ಬನ್ನಿ, ನಾಚಿಕೆ ಬೇಡ.

ತಿಂದು ಕೆಟ್ಟವ

ನನ್ನದೂ ಒಂದು ಅನುಭವ. ಕಳೆದ ವರ್ಷ ಹೊಸ ಹೋಟೆಲೊಂದರಲ್ಲಿ ಮಧ್ಯಾಹ್ನ ಉಂಡೆ, ಸಂಜೆಯೊಳಗೆ ಹಾಸಿಗೆ ಹಿಡಿದೆ. ಎರಡು ದಿನ ವಾಂತಿ, ಭೇದಿ, ಜ್ವರ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಅಲ್ಲಿಗೆ ಹೋಗಬೇಡಿ ಎಂದು ಹೇಳಿದೆ. ಈಗಲೂ ಹೇಳುತ್ತೇನೆ. ಹೊಟ್ಟೆಗಿಂತ ದೊಡ್ಡ ಸಾಕ್ಷಿ ಬೇಕೇ?

ಸೂಕ್ಷ್ಮದರ್ಶಕ

ಬೇಕು. ನಾನು ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ, ಈ ತಪ್ಪನ್ನು ದಿನವೂ ಕೇಳುತ್ತೇನೆ. ಕೊನೆಯ ಊಟವೇ ಅಪರಾಧಿ ಎಂದು ಎಲ್ಲರೂ ತಿಳಿಯುತ್ತಾರೆ. ನೋರೋವೈರಸ್ ಒಳಹೊಕ್ಕು ಲಕ್ಷಣ ತೋರಲು ಸಾಮಾನ್ಯವಾಗಿ 12ರಿಂದ 48 ಗಂಟೆ ಬೇಕು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಗೆ 6 ಗಂಟೆಯಿಂದ 6 ದಿನ. ನಿಮಗೆ ಜ್ವರವೂ ಬಂದಿತ್ತು, ಎರಡು ದಿನ ಎಳೆಯಿತು ಎಂದರೆ ಅದು ಹಿಂದಿನ ದಿನದ ಮನೆಯ ಊಟವೂ ಆಗಿರಬಹುದು, ಜೊತೆಯಲ್ಲಿದ್ದ ರೋಗಿಯಿಂದ ಅಂಟಿದ್ದೂ ಆಗಿರಬಹುದು.

ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ತರಿಸುವವೂ ಇವೆ. ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಆಹಾರದಲ್ಲೇ ವಿಷ ಬಿಟ್ಟಿದ್ದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ತಿಳಿಯುತ್ತದೆ. ಬೇಯಿಸಿ ಹೊರಗೆ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಹೀಗೆಯೇ ಮಾಡುತ್ತದೆ. ಅದರ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಅನ್ನ ಆರುತ್ತಾ ಕುಳಿತಾಗ ಮೊಳೆಯುತ್ತವೆ. ಹೊಟ್ಟೆ ಸೂಕ್ಷ್ಮವಿರುವವರು ಮುಖ್ಯವಾಗಿ ತಿಳಿಯಬೇಕಾದದ್ದು ಇದು: ಈ ಎರಡೂ ವಿಷಗಳು ಬಿಸಿಗೆ ನಾಶವಾಗುವುದಿಲ್ಲ. "ಮತ್ತೆ ಚೆನ್ನಾಗಿ ಕುದಿಸಿ ಕೊಟ್ಟಿದ್ದೇವೆ" ಎಂಬ ಮಾತು ಬ್ಯಾಕ್ಟೀರಿಯಾಗೆ ಉತ್ತರವಾಗಬಹುದು, ಅದು ಬಿಟ್ಟುಹೋದ ವಿಷಕ್ಕೆ ಅಲ್ಲ.

ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ. ಮೂರು ಗಂಟೆಯಲ್ಲಿ ಒಂದು 512 ಆಗುತ್ತದೆ. ಒಲೆಯ ಮುಂದೆ ಅವರು ಹೇಳಿದ ಎರಡು ಗಂಟೆಯ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ.

ತಿಂದು ಕೆಟ್ಟವ

ಹಿಂದಿನ ದಿನ ಮದುವೆಯೊಂದಕ್ಕೆ ಹೋಗಿದ್ದೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬೀದಿಯವರಿಗೆಲ್ಲ ಹೇಳಿಬಿಟ್ಟಿದ್ದೇನೆ, ಈಗ ಮನಸ್ಸಿಗೆ ಕಸಿವಿಸಿ.

ಮನೆ ಊಟ

ನನಗೆ ಈ ಚರ್ಚೆಯೇ ಅರ್ಥವಾಗುತ್ತಿಲ್ಲ. ವಯಸ್ಸಾದ ತಂದೆಯನ್ನು ದಿನವೂ ಹೋಟೆಲಿಗೆ ಕಳುಹಿಸುವುದೇ? ಅಡುಗೆಗೆ ಒಬ್ಬರನ್ನು ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಹೋಟೆಲಿನಲ್ಲಿ ಎರಡು ಹೊತ್ತು ಉಂಡರೆ ಆ ಲೆಕ್ಕ ಮಧ್ಯಾಹ್ನವೇ ಮುಗಿದಿರುತ್ತದೆ.

ಹೊಸ ಬಾಡಿಗೆದಾರ

ಅವರನ್ನು ನಾನು ಕಳುಹಿಸುತ್ತಿಲ್ಲ, ಅವರೇ ಹೋಗಲು ಬಯಸುತ್ತಿದ್ದಾರೆ. ಅಡುಗೆಯವರನ್ನು ಇಡುವ ಮಾತನ್ನು ಎರಡು ಬಾರಿ ಎತ್ತಿದೆ, ಎರಡು ಬಾರಿಯೂ ಬೇಡ ಎಂದರು.

ಬೆಂಚಿನ ಹಿರಿಯ

ಮನೆ ಊಟ ಅವರೇ, ನನಗೆ ಎಪ್ಪತ್ತೊಂದು. ಹನ್ನೊಂದು ವರ್ಷದಿಂದ ಒಂದೇ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದೇನೆ. ಸೊಸೆ ಮನೆಯಲ್ಲಿ ಚೆನ್ನಾಗಿಯೇ ಮಾಡುತ್ತಾಳೆ. ಆದರೂ ಬೆಳಗ್ಗೆ ಎದ್ದು, ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಹೊರಡುವುದಕ್ಕೆ ನನಗೊಂದು ಕಾರಣ ಬೇಕು. ಮೂರು ದಿನ ಜ್ವರ ಬಂದು ಹೋಗದಿದ್ದಾಗ ನಾಲ್ಕನೆಯ ದಿನ ಗಲ್ಲಾದಲ್ಲಿ ಕೂರುವವರು ಮನೆಯ ಬಾಗಿಲಿಗೆ ಬಂದು ವಿಚಾರಿಸಿದರು. ಇದನ್ನು ಅಡುಗೆಯವರು ತಂದುಕೊಡಲಾರರು.

ಉಪ್ಪಿನ ಮಾತು ಮಾತ್ರ ನಿಜ. ವಯಸ್ಸಾದಂತೆ ಮೂಗು, ನಾಲಿಗೆ ಮಂಕಾಗುತ್ತವೆ, ನಮಗೇ ತಿಳಿಯದೆ ಉಪ್ಪು ಹೆಚ್ಚು ಕೇಳುತ್ತೇವೆ. ನಾನು ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಪಕ್ಕದ ಮೇಜಿಗೆ ಸರಿಸಿಯೇ ಕುಳಿತುಕೊಳ್ಳುವುದು.

ನಿಮ್ಮ ತಂದೆಯವರಿಗಾಗಿ ನೀವು ನೋಡಲೇಬೇಕಾದ ಕೆಲವು ಸಂಗತಿಗಳು, ಯಾರೂ ಹೇಳಿಲ್ಲವಾದ್ದರಿಂದ ಹೇಳುತ್ತೇನೆ. ಬಾಗಿಲಲ್ಲಿ ಎಷ್ಟು ಮೆಟ್ಟಿಲು, ಹಿಡಿಯಲು ಕಂಬಿ ಇದೆಯೇ? ಕುರ್ಚಿಗೆ ಕೈಯಿದೆಯೇ? ಕೈಯಿಲ್ಲದ ಕುರ್ಚಿಯಿಂದ ಏಳುವುದು ನಮ್ಮ ವಯಸ್ಸಿನಲ್ಲಿ ಒಂದು ಸಾಹಸ. ಶೌಚಾಲಯ ಎಲ್ಲಿದೆ, ಅದರ ನೆಲ ಒದ್ದೆಯೇ? ಊಟ ಎಷ್ಟೇ ಚೆನ್ನಾಗಿದ್ದರೂ ಜಾರುವ ನೆಲವಿರುವಲ್ಲಿಗೆ ಕಳುಹಿಸಬೇಡಿ.

ಮನೆ ಊಟ

ಹಿರಿಯರು ಹೇಳಿದ್ದನ್ನು ಓದಿ ಸುಮ್ಮನಾದೆ. ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ, ಉಪ್ಪಿನದ್ದನ್ನು ಬಿಟ್ಟು.

ಒಂದೇ ಕಿವಿ

ಎಡಗಿವಿ ಮಂದ ಎಂದು ಬರೆದಿದ್ದೀರಿ, ಅದರ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ನನಗೆ ಬಲಗಿವಿ ಪೂರ್ತಿ ಹೋಗಿದೆ. ರುಚಿಗಿಂತ ಮೊದಲು ನಾನು ಸದ್ದು ನೋಡುತ್ತೇನೆ.

ಗದ್ದಲದಲ್ಲಿ ಜನರು ತಮಗೆ ತಿಳಿಯದೆಯೇ ದನಿ ಏರಿಸುತ್ತಾರೆ. ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯರು 1911ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಒಂದು ಮೇಜಿನವರು ಜೋರಾದರೆ ಪಕ್ಕದವರು ಇನ್ನಷ್ಟು ಜೋರಾಗುತ್ತಾರೆ, ಹತ್ತು ನಿಮಿಷದಲ್ಲಿ ಇಡೀ ಕೋಣೆ ಕಿರುಚುತ್ತಿರುತ್ತದೆ. ಗಾಜು, ಹೊಳೆಯುವ ನೆಲ, ಬರಿಯ ಸೂರು ಇದ್ದರೆ ಸದ್ದು ಎಲ್ಲೂ ಹೀರಿಕೊಳ್ಳದೆ ಪುಟಿಯುತ್ತಲೇ ಇರುತ್ತದೆ. ನಿಮ್ಮ ಮೂರನೆಯ ಹೋಟೆಲಿನಲ್ಲಿ ಇವೆಲ್ಲದರ ಮೇಲೆ ಸಂಗೀತ ಬೇರೆ. ವಯಸ್ಸಿನ ಕಿವಿ ಮೊದಲು ಕಳೆದುಕೊಳ್ಳುವುದು ಸಣ್ಣ ದನಿಯ ವ್ಯಂಜನಗಳನ್ನು: ಸ, ಶ, ಫ, ತ. ಮಾತು ಕೇಳಿಸುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ. ಮೂರು ಬಾರಿ "ಏನು?" ಎಂದು ಕೇಳಿದ ಮೇಲೆ ನಾಲ್ಕನೆಯ ಬಾರಿ ಸುಮ್ಮನೆ ತಲೆಯಾಡಿಸುತ್ತೇವೆ. ಆಮೇಲೆ ಹೋಗುವುದನ್ನೇ ಬಿಡುತ್ತೇವೆ. ನಾಲ್ಕು ಜನರ ನಡುವೆ ಕೂರಬೇಕು ಎನ್ನುವ ನಿಮ್ಮ ತಂದೆಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ.

ಕೂರುವ ಜಾಗವನ್ನು ಹೀಗೆ ಆರಿಸಿ. ಮೂಲೆಯ ಮೇಜು, ಮಂದವಾದ ಎಡಗಿವಿ ಗದ್ದಲದ ಕಡೆ, ಕೇಳುವ ಬಲಗಿವಿ ಮಾತನಾಡುವವರ ಕಡೆ. ಎದುರಿನವರ ಮುಖದ ಮೇಲೆ ಬೆಳಕು ಬೀಳಬೇಕು, ತುಟಿ ನೋಡಿ ಅರ್ಧ ಮಾತು ತಿಳಿಯುತ್ತೇವೆ. ಪಾತ್ರೆ ತೊಳೆಯುವ ಜಾಗದಿಂದ, ಕಾಫಿ ಯಂತ್ರದಿಂದ ದೂರ. ಹೋಟೆಲು ತುಂಬಿರುವ ಹೊತ್ತಿಗೇ ಹೋಗಿ ಪರೀಕ್ಷಿಸಿ. ಖಾಲಿ ಇರುವಾಗ ಯಾವ ಹೋಟೆಲೂ ಶಾಂತವೇ.

ರುಚಿ ಹುಡುಕಾಟ

ಸದ್ದು ರುಚಿಯನ್ನೂ ಕೆಡಿಸುತ್ತದೆ. ವಿಮಾನದ ಒಳಗಿನಷ್ಟು, ಸುಮಾರು 85 ಡೆಸಿಬೆಲ್ ಸದ್ದಿನಲ್ಲಿ ಸಿಹಿ ಮಂಕಾಗಿ ತಿಳಿಯುತ್ತದೆ ಎಂದು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಕಂಡುಕೊಂಡರು.

ಪದಕೋಶ

ವಿಷಯಾಂತರಕ್ಕೆ ಕ್ಷಮೆ ಇರಲಿ. ಎಲ್ಲರೂ ಹೋಟೆಲು ಹೋಟೆಲು ಎನ್ನುತ್ತಿದ್ದೀರಿ. ಹೋಟೆಲು ಎಂದರೆ ತಂಗುವ ಜಾಗ. ತಿನ್ನುವ ಜಾಗಕ್ಕೆ ಉಪಾಹಾರ ಗೃಹ ಎನ್ನಬೇಕು.

ಬಿಸಿ ತಟ್ಟೆ

"ಬಾ, ಉಪಾಹಾರ ಗೃಹಕ್ಕೆ ಹೋಗಿ ಬರೋಣ" ಎಂದು ನೀವು ಯಾರಿಗಾದರೂ ಹೇಳಿದ್ದೀರಾ? ಫಲಕಕ್ಕೆ ಸರಿ, ಬಾಯಿಗೆ ಹೋಟೆಲೇ ಸರಿ.

ಬೆಂಚಿನ ಹಿರಿಯ

ಹೋಟೆಲು, ಹಾಸ್ಟೆಲು, ಹಾಸ್ಪಿಟಲು ಮೂರಕ್ಕೂ ಲ್ಯಾಟಿನ್ ಮೂಲ ಒಂದೇ, ಅತಿಥಿಯನ್ನು ಬರಮಾಡಿಕೊಳ್ಳುವ ಅರ್ಥದ್ದು. ರೆಸ್ಟೋರೆಂಟ್ ಎಂಬುದು ಚೇತರಿಕೆ ಕೊಡುವುದು ಎಂಬ ಅರ್ಥದ ಫ್ರೆಂಚ್ ಪದ. ಮೊದಲು ಅದು ಬಲ ತುಂಬುವ ಒಂದು ಸಾರಿನ ಹೆಸರಾಗಿತ್ತು, ಆಮೇಲೆ ಅದನ್ನು ಬಡಿಸುವ ಜಾಗಕ್ಕೆ ಬಂತು. ಅತಿಥಿಯನ್ನು ಬರಮಾಡಿಕೊಂಡು ಚೇತರಿಕೆ ಕೊಟ್ಟರೆ ಯಾವ ಹೆಸರಾದರೂ ಆಗಲಿ.

ಕಡಲೆಕಾಯಿ ಎಚ್ಚರ

ನನ್ನ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ. ಹೊಟ್ಟೆ ಸೂಕ್ಷ್ಮ ಇರುವವರಿಗೂ ನನ್ನ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಹೊಸ ಹೋಟೆಲಿಗೆ ಹೋದ ಕೂಡಲೇ ಕೇಳುತ್ತೇನೆ: "ಇದರಲ್ಲಿ ಕಡಲೆಕಾಯಿ ಇದೆಯೇ? ಕರಿಯುವ ಎಣ್ಣೆ ಯಾವುದು?" ಸಪ್ಲೈಯರ್ ತಕ್ಷಣ "ಇಲ್ಲಮ್ಮ, ಏನೂ ಇಲ್ಲ" ಎಂದರೆ ನನಗೆ ಭಯವಾಗುತ್ತದೆ. "ನನಗೆ ಗೊತ್ತಿಲ್ಲ, ಒಳಗೆ ಕೇಳಿ ಬರುತ್ತೇನೆ" ಎಂದು ಹೋಗಿ, ಭಟ್ಟರನ್ನು ಕೇಳಿ, ವಾಪಸು ಬಂದು ಹೇಳಿದರೆ ಆ ಹೋಟೆಲನ್ನು ನಂಬುತ್ತೇನೆ. ಒಮ್ಮೆ ಭಟ್ಟರೇ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ತಟ್ಟೆಗೆ ಹಾಕುವುದಿಲ್ಲ, ಆದರೆ ಅದೇ ಬಾಣಲೆಯಲ್ಲಿ ಬೆಳಗ್ಗೆ ಕಡಲೆಕಾಯಿ ಹುರಿದಿದ್ದೇವೆ, ಮಗುವಿಗೆ ಬೇಡ" ಎಂದರು. ಅಂದು ನಾವು ತಿನ್ನದೆ ಬಂದೆವು. ಮರುದಿನದಿಂದ ಅದೇ ನಮ್ಮ ಹೋಟೆಲು. ಬೇರೆ ಬಾಣಲೆ ಇಟ್ಟಿದ್ದಾರೆ.

ಸೂಕ್ಷ್ಮದರ್ಶಕ

ಬಹಳ ಸರಿಯಾದ ಪರೀಕ್ಷೆ. ಹುರಿದರೆ, ಕುದಿಸಿದರೆ ಕಡಲೆಕಾಯಿಯ ಅಲರ್ಜಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹುರಿದ ಬಾಣಲೆಯ ಕುರುಹೂ ಕೆಲವರಿಗೆ ಅಪಾಯ.

ಎಣ್ಣೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗುತ್ತದೆ, ಮಂದವಾಗುತ್ತದೆ, ಬೇಗ ಹೊಗೆಯಾಡುತ್ತದೆ, ಮೇಲೆ ನೊರೆ ನಿಲ್ಲುತ್ತದೆ. ಕೆಟ್ಟ ಎಣ್ಣೆಯನ್ನು ಅಳೆಯಲು, ಎಣ್ಣೆ ಕೆಡುತ್ತಾ ಹುಟ್ಟುವ ಧ್ರುವೀಯ ಸಂಯುಕ್ತಗಳ ಲೆಕ್ಕವಿದೆ, ಹಲವು ದೇಶಗಳಲ್ಲಿ ಮಿತಿ ಸುಮಾರು ಶೇ 25. ನಿಮ್ಮ ಬಳಿ ಉಪಕರಣ ಇರುವುದಿಲ್ಲ, ಮೂಗು ಇರುತ್ತದೆ. ಬಾಗಿಲಲ್ಲೇ ಕಮಟು ಎಣ್ಣೆಯ ವಾಸನೆ ಗಂಟಲಿಗೆ ಹತ್ತಿದರೆ ಒಳಗೆ ಹೋಗುವ ಅಗತ್ಯವಿಲ್ಲ.

ಅಂಕ ನಂಬುವವಳು

ಇಷ್ಟೆಲ್ಲ ಏಕೆ? ಮೊಬೈಲಿನ ಅಂಕ ಇದೆಯಲ್ಲ. ಸಾವಿರ ಜನ ಹೇಳಿದ್ದಕ್ಕಿಂತ ಒಬ್ಬರ ಮೂಗು ದೊಡ್ಡದೇ?

ಲೆಕ್ಕದ ಮೇಷ್ಟ್ರು

ಸಾವಿರ ಜನ ಹೇಳಿದ್ದರೆ ತೂಕವಿದೆ. ಒಂಬತ್ತೇ ಜನ 5 ಕೊಟ್ಟ ಹೋಟೆಲಿಗೆ ಹತ್ತನೆಯವನು 1 ಕೊಟ್ಟರೆ ಸರಾಸರಿ 4.6ಕ್ಕೆ ಬೀಳುತ್ತದೆ. 800 ಜನರಿಂದ 4.3 ಪಡೆದ ಹೋಟೆಲಿಗೆ ಅದೇ ಮನುಷ್ಯ 1 ಕೊಟ್ಟರೆ ಮೊದಲ ದಶಮಾಂಶವೂ ಅಲುಗುವುದಿಲ್ಲ. ಅಂಕ ಮಾತ್ರ ನೋಡಬೇಡಿ, ಎಷ್ಟು ಜನ ಎಂದೂ ನೋಡಿ. ಬರೆಯುವವರು ಹೆಚ್ಚಾಗಿ ಬಹಳ ಸಂತೋಷವಾದವರು ಅಥವಾ ಬಹಳ ಸಿಟ್ಟಾದವರು. ಮೂರು ಅಂಕ ಕೊಟ್ಟವರ ಬರಹ ಓದಿ. ಅವರೇ ಮೇಜು, ಕಾಯುವ ಹೊತ್ತು, ಬಡಿಸುವ ರೀತಿಯನ್ನು ವಿವರವಾಗಿ ಬರೆಯುತ್ತಾರೆ. ದಿನಾಂಕವನ್ನೂ ನೋಡಿ. ಭಟ್ಟರು ಬದಲಾದರೆ ಹಳೆಯ ಅಂಕಕ್ಕೆ ಅರ್ಥವಿಲ್ಲ.

ನಾಲ್ಕು ಹೋಟೆಲುಗಳ ವಿಷಯಕ್ಕೆ ಬಂದರೆ, ಆಯ್ಕೆಯ ಗಣಿತದಲ್ಲಿ ಹೆಸರಾದ ಒಂದು ನಿಯಮವಿದೆ: ಸುಮಾರು ಶೇ 37ರಷ್ಟನ್ನು ನೋಡಿ ಬಿಟ್ಟು, ನಂತರ ಅವೆಲ್ಲಕ್ಕಿಂತ ಉತ್ತಮವಾದದ್ದು ಸಿಕ್ಕ ಕೂಡಲೇ ನಿಲ್ಲುವುದು. ನಾಲ್ಕೇ ಇದ್ದರೆ ಮೊದಲನೆಯದನ್ನು ಬಿಟ್ಟು, ಅದಕ್ಕಿಂತ ಚೆನ್ನಾಗಿರುವುದು ಸಿಕ್ಕಲ್ಲಿ ನಿಲ್ಲಿ.

ಒಲೆಯ ಮುಂದೆ

ಮೇಷ್ಟ್ರೇ, ಬಿಟ್ಟ ಹೋಟೆಲಿಗೆ ಮತ್ತೆ ಹೋಗಬಾರದೆಂದು ಯಾರು ಹೇಳಿದರು? ನಾಲ್ಕರಲ್ಲೂ ತಿಂದು, ಬೇಕಾದರೆ ಮೊದಲನೆಯದಕ್ಕೇ ಮರಳಬಹುದಲ್ಲ.

ಲೆಕ್ಕದ ಮೇಷ್ಟ್ರು

ಸೋತೆ. ಆ ನಿಯಮ ಒಮ್ಮೆ ಬಿಟ್ಟದ್ದು ಮತ್ತೆ ಸಿಗದಿರುವಾಗ ಮಾತ್ರ ಅನ್ವಯಿಸುತ್ತದೆ. ಹೋಟೆಲುಗಳು ಎಲ್ಲಿಗೂ ಹೋಗುವುದಿಲ್ಲ. ನಾಲ್ಕರಲ್ಲೂ ತಿನ್ನಿ.

ಆರು ಪುಟ

ತಿನಿಸುಪಟ್ಟಿ ಉದ್ದವಿದ್ದರೆ ಎಲ್ಲವೂ ಹಳಸಲು ಎಂದು ತೀರ್ಮಾನಿಸಬೇಡಿ. ನಮ್ಮ ಅತ್ತೆ ಮಾವ ಹೋಟೆಲು ನಡೆಸಿದವರು. ಅರವತ್ತು ಹೆಸರಿದ್ದರೂ ಒಳಗಿದ್ದದ್ದು ಹತ್ತೇ ಪದಾರ್ಥ, ಅದನ್ನೇ ತಿರುಗಿಸಿ ಮುರುಗಿಸಿ ಮಾಡುತ್ತಿದ್ದರು. ದಿನವೂ ಖಾಲಿಯಾಗುತ್ತಿತ್ತು.

ಒಲೆಯ ಮುಂದೆ

ಹತ್ತೇ ಪದಾರ್ಥವಾದರೆ ಅಡ್ಡಿಯಿಲ್ಲ ತಂಗಿ. ಪುಟಕ್ಕೊಂದು ದೇಶದ ಅಡುಗೆ ಇದ್ದರೆ ಅನುಮಾನಿಸಬೇಕು. ನಾಲ್ಕು ಒಲೆಯಲ್ಲಿ ಇಬ್ಬರು ಭಟ್ಟರು ಅಷ್ಟನ್ನು ಅಂದೇ ಮಾಡಲಾರರು. ಬಹುಪಾಲು ಶೀತಪೆಟ್ಟಿಗೆಯಿಂದ ಬರುತ್ತದೆ. ಶೀತಪೆಟ್ಟಿಗೆ ತಪ್ಪಲ್ಲ, ಯಾವತ್ತು ಒಳಗಿಟ್ಟರು ಎಂದು ಡಬ್ಬಿಯ ಮೇಲೆ ಬರೆಯದಿರುವುದು ತಪ್ಪು.

ಬಾಡಿಗೆದಾರರೇ, ಒಂದು ಕೆಲಸ ಮಾಡಿ. ನಾಲ್ಕೂ ಕಡೆ ಅತ್ಯಂತ ಸರಳವಾದದ್ದನ್ನೇ ತರಿಸಿ. ಬರಿಯ ಮೊಟ್ಟೆ, ಬರಿಯ ಅನ್ನ, ಏನಾದರೂ ಆಗಲಿ, ಎಲ್ಲ ಕಡೆ ಒಂದೇ ಇರಲಿ. ಮಸಾಲೆಯ ಹಿಂದೆ ತಪ್ಪು ಅಡಗುತ್ತದೆ, ಬರಿಯ ಮೊಟ್ಟೆಯ ಹಿಂದೆ ಅಡಗಲಾರದು. ತಿಂಡಿಯ ಹೊತ್ತಿಗೆ ಒಮ್ಮೆ, ಊಟದ ಹೊತ್ತು ಮುಗಿಯುವ ಮುನ್ನ ಒಮ್ಮೆ ಹೋಗಿ. ಮುಗಿಯುವ ಹೊತ್ತಿಗೆ ಬಂದವನಿಗೆ ಹೇಗೆ ಬಡಿಸುತ್ತಾರೆ ಎಂಬುದರಲ್ಲಿ ಎಲ್ಲವೂ ತಿಳಿಯುತ್ತದೆ.

ಬೆಂಚಿನ ಹಿರಿಯ

ಮತ್ತು ತಂದೆಯವರನ್ನು ಕರೆದುಕೊಂಡೇ ಹೋಗಿ. ತಿನ್ನುವವರು ಅವರು.

ಹೊಸ ಬಾಡಿಗೆದಾರ

ಹನ್ನೆರಡು ದಿನವಾದ ಮೇಲೆ ಬರೆಯುತ್ತಿದ್ದೇನೆ. ನಾಲ್ಕು ದಿನ ರಜೆ ಹಾಕಿ, ಅಪ್ಪನ ಜೊತೆ ನಾಲ್ಕೂ ಕಡೆ ಎರಡೆರಡು ಹೊತ್ತು ತಿಂದೆ.

ಸಾಲಿನ ಹೋಟೆಲಿನಲ್ಲಿ ಮೇಷ್ಟ್ರು ಹೇಳಿದಂತೆ ಗಡಿಯಾರ ಹಿಡಿದೆ. ಮುಂದೆ 14 ಜನ, ಒಳಗೆ ಹೋಗಲು 9 ನಿಮಿಷ. ಊಟ ನಾಲ್ಕರಲ್ಲೂ ಇದೇ ಚೆನ್ನ, ಮುಚ್ಚಳ ತೆಗೆದರೆ ಮುಖಕ್ಕೆ ಹಬೆ ಹೊಡೆಯುತ್ತದೆ. ಆದರೆ ಕೂರುವಷ್ಟರಲ್ಲಿ ಹಿಂದೆ ಒಬ್ಬರು ನಿಂತು ನಮ್ಮ ತಟ್ಟೆಯನ್ನೇ ನೋಡುತ್ತಿರುತ್ತಾರೆ. ಅಪ್ಪ ಅರ್ಧಕ್ಕೇ ಎದ್ದರು. ಗಾಜಿನ ಹೋಟೆಲಿನಲ್ಲಿ ಸಪ್ಲೈಯರ್ ಹೇಳಿದ್ದು ಅಪ್ಪನಿಗೆ ಒಂದೂ ಕೇಳಿಸಲಿಲ್ಲ. ಅವರು ಸುಮ್ಮನೆ ತಲೆಯಾಡಿಸಿದರು, ಕೇಳದೆ ಇದ್ದದ್ದೊಂದು ಬಂತು, ಅದನ್ನೇ ತಿಂದರು. ಒಂದೇ ಕಿವಿ ಅವರ ಮಾತು ನೆನಪಾಗಿ ನನಗೆ ಗಂಟಲು ಕಟ್ಟಿತು. ಎಷ್ಟು ವರ್ಷದಿಂದ ನನ್ನ ಮುಂದೆಯೂ ಹಾಗೆ ತಲೆಯಾಡಿಸಿದ್ದಾರೋ.

ಮೂಲೆಯ ಖಾಲಿ ಹೋಟೆಲಿನಲ್ಲಿ ಮಧ್ಯಾಹ್ನ ಎರಡಕ್ಕೆ ಅನ್ನ ಉಗುರುಬೆಚ್ಚಗಿತ್ತು. ಹೆಗಲ ಮೇಲಿನ ಬಟ್ಟೆಯೂ ಒಲೆಯ ಮುಂದೆ ಅವರು ಬರೆದ ಹಾಗೆಯೇ ಇತ್ತು.

ಚಿಕ್ಕದರಲ್ಲಿ ಒಟ್ಟು ಒಂಬತ್ತು ತಿನಿಸು, ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಮುಗಿದದ್ದನ್ನು ಅಳಿಸುತ್ತಾರೆ. ಎರಡೂವರೆಗೆ ಹೋದಾಗ ಮೂರೇ ಉಳಿದಿದ್ದವು, ಮೂರೂ ಬಿಸಿ. ಇದರಲ್ಲಿ ಉಪ್ಪು ಕಡಿಮೆ ಮಾಡಬಹುದೇ ಎಂದು ಕೇಳಿದೆ. "ಇವತ್ತಿನದು ಆಗಿಹೋಗಿದೆ, ನಾಳೆ ಹನ್ನೆರಡರೊಳಗೆ ಬಂದರೆ ಅವರದ್ದನ್ನು ಬೇರೆ ತೆಗೆದಿಟ್ಟು ಆಮೇಲೆ ಉಳಿದದ್ದಕ್ಕೆ ಹಾಕುತ್ತೇನೆ" ಎಂದರು ಒಲೆಯ ಬಳಿ ಇದ್ದ ಅಮ್ಮ. ಕುರ್ಚಿಗೆ ಕೈಯಿಲ್ಲ. ಅದನ್ನು ಹೇಳಿದೆ. ಮರುದಿನ ಗಲ್ಲಾದ ಹಿಂದಿದ್ದ ಕೈಕುರ್ಚಿ ಬಲಗಡೆಯ ಮೂಲೆಗೆ ಬಂದಿತ್ತು, ಅಪ್ಪನ ಎಡಗಿವಿ ಬೀದಿಯ ಕಡೆಗೆ ಬೀಳುವಂತೆ. ಗಲ್ಲಾದವರು ಈಗ ಸ್ಟೂಲಿನ ಮೇಲೆ ಕೂರುತ್ತಾರೆ.

ಒಂದೇ ಕಿವಿ

ಎದುರಿನವರ ಮುಖದ ಮೇಲೆ ಬೆಳಕು ಬೀಳುತ್ತದೆಯೇ?

ಹೊಸ ಬಾಡಿಗೆದಾರ

ಅಪ್ಪನ ಬೆನ್ನಿಗೆ ಕಿಟಕಿ ಇದೆ, ಹಾಗಾಗಿ ಬೀಳುತ್ತದೆ. ನಿನ್ನೆಯಿಂದ ಎದುರಿನ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತುಕೊಳ್ಳುತ್ತಿದ್ದಾರಂತೆ, ನಿವೃತ್ತ ಅಂಚೆ ನೌಕರರು. ಹೆಸರು ಕೇಳಿದೆ. "ನಾಳೆ ಕೇಳುತ್ತೇನೆ" ಎಂದರು ಅಪ್ಪ.

ಬಿಸಿ ತಟ್ಟೆ

ಕಾಫಿ ಹೇಗಿದೆ ಅಲ್ಲಿ?

ಹೊಸ ಬಾಡಿಗೆದಾರ

ಚೆನ್ನಾಗಿಲ್ಲ. ಅದನ್ನು ಮನೆಯಲ್ಲೇ ಕುಡಿದು ಹೋಗುತ್ತಾರೆ.